ಐಸ್ ಮೇಲೆ ಕೂತು ಗಾಳ ಹಾಕೋದಕ್ಕೆ ಎಂಥ ಕೋಲು ತಗೊಳ್ಳಲಿ?

ಹೊಸನಗರ_ಹೊಳೆ

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ಕಡೆಯವನು. ಎರಡು ವರ್ಷದಿಂದ ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಕೆಲಸ. ಅಡಿಕೆ ಕೊಯ್ಲಿಗೆ ಅಂತ ಊರಿಗೆ ಬಂದಿದ್ದೇನೆ, ಜನವರಿ ಮೊದಲ ವಾರ ವಾಪಸ್ ಹೋಗಬೇಕು. ಹೋದ ಕೂಡಲೇ ಆಫೀಸಿನ ಗೆಳೆಯರು ಮಿಲ್ ಲ್ಯಾಕ್ಸ್ ಅನ್ನೋ ಕೆರೆಗೆ ಕರೆದಿದ್ದಾರೆ. ಕೆರೆ ಅಂದರೆ ನಮ್ಮ ಊರ ಕೆರೆ ಅಂದುಕೊಳ್ಳಬೇಡಿ, ಈ ದಡದಲ್ಲಿ ನಿಂತರೆ ಆ ದಡ ಕಾಣೋದಿಲ್ಲ. ಚಳಿಗಾಲದಲ್ಲಿ ಮೇಲ್ಭಾಗ ಪೂರ್ತಿ ಹೆಪ್ಪುಗಟ್ಟುತ್ತದೆ. ಅದರ ಮೇಲೆ ನಡೆದು ಹೋಗಿ, ತೂತು ಕೊರೆದು, ಆ ತೂತಿನೊಳಗೆ ಗಾಳ ಬಿಡೋದು.

ಹೋದ ವರ್ಷ ಒಂದು ಸಲ ಹೋಗಿದ್ದೆ, ಯಾರದೋ ಕೋಲು ಇಸ್ಕೊಂಡು. ನಾಲ್ಕು ಗಂಟೆ ಕೂತೆ. ಪಕ್ಕದಲ್ಲಿ ಕೂತವರಿಗೆ ಆರು ಮೀನು, ನನಗೆ ಒಂದೂ ಇಲ್ಲ. ತೂತಿನಿಂದ ತೂತಿಗೆ ಆರಡಿ ಕೂಡ ಇರಲಿಲ್ಲ. ಅದೇ ಆಳ, ಅದೇ ಹುಳ. ಚಿಕ್ಕಂದಿನಿಂದ ಪಟಗುಪ್ಪದ ಹತ್ತಿರ ಹಿನ್ನೀರಿನಲ್ಲಿ ಗಾಳ ಹಾಕಿದವನು ನಾನು, ಬರಿಗೈಲಿ ಬಂದದ್ದು ತುಂಬ ಬೇಜಾರಾಯಿತು. ಈ ಸಲ ಸ್ವಂತ ಕೋಲು ತಗೊಂಡು ಹೋಗಬೇಕು ಅಂತ ಆಸೆ. ನನ್ನ ಹತ್ತಿರ ಇರೋದು ಏಳು ಅಡಿಯ ಸ್ಪಿನ್ನಿಂಗ್ ರಾಡ್, ಅದು ನಡೆಯುತ್ತದಾ? ಅಂಗಡಿಯಲ್ಲಿ ಗೋಡೆ ತುಂಬ ಮೀನು ಸೆಳೆಯೋ ಸಣ್ಣ ಸಣ್ಣ ಲೋಹದ ಲೂರ್‌ಗಳು ನೇತುಹಾಕಿರುತ್ತಾರೆ, ಅದರಲ್ಲಿ ಯಾವುದು ಬೇಕು ಅಂತ ತಿಳಿಯೋದೇ ಇಲ್ಲ. ಗೊತ್ತಿದ್ದವರು ಹೇಳಿ.

ಭದ್ರಾವತಿ_ಹಳೇನಗರ

ನನಗೆ ಕೋಲಿನ ವಿಷಯ ಗೊತ್ತಿಲ್ಲ, ಒಂದು ಸಂಶಯ ಕೇಳುತ್ತೇನೆ. ಮೇಲೆ ಮನುಷ್ಯ ನಡೆಯೋ ಅಷ್ಟು ಗಟ್ಟಿ ಆದ ಕೆರೆಯಲ್ಲಿ ಕೆಳಗೆ ಮೀನು ಬದುಕಿರೋದು ಹೇಗೆ? ತಳದ ತನಕ ಹೆಪ್ಪುಗಟ್ಟೋದಿಲ್ಲವಾ?

ವಿನಿಪೆಗ್_ಮಲೆನಾಡಿಗ

ಕಟ್ಟೋದಿಲ್ಲ. ನೀರು ಅತಿ ಭಾರ ಆಗೋದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆ ಬರುತ್ತದೆ, ಮೇಲೇ ಹೆಪ್ಪುಗಟ್ಟುತ್ತದೆ. ಆಮೇಲೆ ಆ ಐಸೇ ಕಂಬಳಿ ಹೊದಿಸಿದ ಹಾಗೆ ಕೆಳಗಿನ ನೀರನ್ನು ಕಾಪಾಡುತ್ತದೆ. ಆಳದ ಕೆರೆಯಲ್ಲಿ ತಳದ ನೀರು ಸುಮಾರು 4 ಡಿಗ್ರಿಯಲ್ಲೇ ಇರುತ್ತದೆ. ಮೀನು ಅಲ್ಲಿ ಬದುಕಿರುತ್ತದೆ, ಆದರೆ ಮೈ ತಣ್ಣಗಾಗಿ ಎಲ್ಲವೂ ನಿಧಾನ. ಜಾಸ್ತಿ ಓಡಾಡೋದಿಲ್ಲ, ಜಾಸ್ತಿ ತಿನ್ನೋದಿಲ್ಲ. ಕೋಲಿನ ವಿಷಯಕ್ಕೆ ಬಂದಾಗ ಇದನ್ನೇ ನೆನಪಿಡಬೇಕು.

ಹೊಸನಗರದವರೇ, ಏಳು ಅಡಿ ಕೋಲು ಬೇಡ. ನಾನು ಕಳಸದವನು, ಕೆನಡಾದ ವಿನಿಪೆಗ್‌ಗೆ ಬಂದು 11 ಚಳಿಗಾಲ ಆಯಿತು. ರಾತ್ರಿ ಕೂತು ವಿವರವಾಗಿ ಬರೆಯುತ್ತೇನೆ, ಈಗ ಕೆಲಸಕ್ಕೆ ಹೊರಟಿದ್ದೇನೆ.

ತೀರ್ಥಹಳ್ಳಿ_ಗಾಳ

ನಾನು ಐಸ್ ನೋಡಿರೋದು ಫ್ರಿಜ್ಜಿನಲ್ಲಿ ಮಾತ್ರ. ಆದರೂ ಒಂದು ಕೇಳುತ್ತೇನೆ ತಮ್ಮಾ. ಹೋದ ವರ್ಷ ನೀನು ಹಿಡಿದ ಕೋಲಿನ ತುದಿ ಹೇಗಿತ್ತು? ಪಕ್ಕದವರ ಕೋಲಿನ ತುದಿ ಹೇಗಿತ್ತು? ಮತ್ತೆ ನೀನು ಮೇಲೆತ್ತಿ ನೋಡಿದಾಗ ಗಾಳದಲ್ಲಿ ಹುಳ ಇತ್ತಾ, ಇಲ್ಲವಾ?

ಹೊಸನಗರ_ಹೊಳೆ

ಅಣ್ಣ, ಒಳ್ಳೇ ಪ್ರಶ್ನೆ. ನನ್ನ ಕೋಲು ಎರಡೂವರೆ ಅಡಿ ಇತ್ತು, ತುದಿ ತನಕ ಗಟ್ಟಿ. ಪೆನ್ಸಿಲ್ ಹಿಡಿದ ಹಾಗೆ. ದಾರ ದಪ್ಪ, ರೀಲಿನಿಂದ ಬಿಟ್ಟರೆ ಸ್ಪ್ರಿಂಗ್ ಹಾಗೆ ಸುರುಳಿ ಸುರುಳಿ ಬರುತ್ತಿತ್ತು. ಪಕ್ಕದವರ ಕೋಲಿನ ತುದಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ತಂತಿ ಏನೋ ಇತ್ತು, ಅಲಂಕಾರಕ್ಕೆ ಅಂದುಕೊಂಡಿದ್ದೆ. ಹುಳದ ವಿಷಯ ನೀವು ಕೇಳಿದ ಮೇಲೆ ನೆನಪಾಯಿತು, ಎರಡು ಸಲ ಮೇಲೆತ್ತಿದಾಗ ಗಾಳ ಖಾಲಿ ಇತ್ತು. ಬಿಡುವಾಗ ಉದುರಿ ಹೋಗಿರಬೇಕು ಅಂದುಕೊಂಡೆ.

ತೀರ್ಥಹಳ್ಳಿ_ಗಾಳ

ಉದುರಿದ್ದಲ್ಲ. ಮೀನು ತಿಂದು ಹೋಗಿದೆ, ನಿನಗೆ ಗೊತ್ತಾಗಲಿಲ್ಲ ಅಷ್ಟೇ.

ನಮ್ಮ ಅಪ್ಪ ಗಾಳಕ್ಕೆ ವಾಟೆ ಬಿದಿರಿನ ಕೋಲು ಕಡಿಯುವಾಗ ಬುಡ ನೋಡುತ್ತಿರಲಿಲ್ಲ. ತುದಿ ನೋಡುತ್ತಿದ್ದರು. ವಾಟೆ ಹಿಂಡಲಲ್ಲಿ ಹತ್ತು ಕೋಲು ಬಗ್ಗಿಸಿ ನೋಡಿ ಒಂದು ಆರಿಸೋರು. ತುದಿಯ ಒಂದು ಗೇಣು ಹುಲ್ಲಿನ ಹಾಗೆ ಬಾಗಬೇಕು, ಅಲ್ಲಿಂದ ಕೆಳಗೆ ಗಟ್ಟಿ ಇರಬೇಕು. ಕಡಿದು ತಂದು ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ಒಣಗಿಸಿ ಆಮೇಲೆ ತಂಗೂಸು, ಅಂದರೆ ನೈಲಾನ್ ದಾರ ಕಟ್ಟೋದು. ತುದಿ ಗಟ್ಟಿ ಇದ್ದರೆ ಏನಾಗುತ್ತದೆ ಅಂದರೆ, ಮೀನು ಬಾಯಿಗೆ ಹಾಕಿಕೊಂಡ ಕೂಡಲೇ ಅದಕ್ಕೆ ಕೋಲಿನ ಭಾರ ತಿಳಿಯುತ್ತದೆ, ಉಗುಳಿಬಿಡುತ್ತದೆ. ತುದಿ ಮೆತ್ತಗಿದ್ದರೆ ಮೀನಿನ ಜೊತೆಗೆ ಅದೂ ಒಂದು ಬೆರಳಷ್ಟು ಬಾಗುತ್ತದೆ, ಮೀನಿಗೆ ಸಂಶಯ ಬರೋದಿಲ್ಲ, ನಮ್ಮ ಕಣ್ಣಿಗೆ ಕಾಣುತ್ತದೆ.

ದಾರಕ್ಕೆ ಕಟ್ಟಿ ತೇಲಿಬಿಡೋ ಬೆಂಡಿನ ವಿಷಯವೂ ಹಾಗೇ. ಮಳೆಗಾಲದ ಕೆಂಪು ನೀರಿನಲ್ಲಿ ಗಿರ್ಲು ರಭಸದಿಂದ ಎಳೆಯುತ್ತದೆ, ಆಗ ಎಂಥ ಬೆಂಡಾದರೂ ಆಗುತ್ತದೆ. ಪುಷ್ಯ ಮಾಸದ ಚಳಿಯಲ್ಲಿ ತುಂಗೆಯ ನೀರು ತಣ್ಣಗೆ ತಿಳಿಯಾಗಿ ಇರುವಾಗ ಅದೇ ಮೀನು ಸುಮ್ನೆ ಮುಟ್ಟಿ ಹೋಗುತ್ತದೆ. ಆಗ ನವಿಲುಗರಿಯ ದಂಟಿನ ಬೆಂಡೇ ಆಗಬೇಕು. ಅದೂ ಮುಳುಗೋದಿಲ್ಲ, ಒಂದು ಸಲ ನಡುಗುತ್ತದೆ ಅಷ್ಟೇ. ಆ ನಡುಕಕ್ಕೆ ಜಗ್ಗಿದರೆ ಮೀನು. ನಮ್ಮ ಚಳಿಗೇ ಹೀಗೆ ಅಂದ ಮೇಲೆ ಐಸ್ ಕೆಳಗಿನ ಮೀನು ಎಷ್ಟು ಮೆತ್ತಗೆ ಮುಟ್ಟುತ್ತದೆ ಯೋಚನೆ ಮಾಡು. ನಿನ್ನ ಗೆಳೆಯರ ಕೋಲಿನ ಆ ಕಿತ್ತಳೆ ತಂತಿ ಅಲಂಕಾರಕ್ಕೆ ಇರಲಿಕ್ಕಿಲ್ಲ.

ವಿನಿಪೆಗ್_ಮಲೆನಾಡಿಗ

ಅಣ್ಣ ಐಸ್ ನೋಡದೆಯೇ ವಿಷಯದ ತಿರುಳು ಹೇಳಿಬಿಟ್ಟರು. ಆ ತಂತಿಗೆ ಸ್ಪ್ರಿಂಗ್ ಬಾಬರ್ ಅನ್ನುತ್ತಾರೆ, ನಿಮ್ಮ ನವಿಲುಗರಿ ಬೆಂಡು ಮಾಡೋ ಕೆಲಸವನ್ನೇ ಮಾಡುತ್ತದೆ. ತೂತಿನ ನೀರಿನಲ್ಲೂ ಬೆಂಡು ಬಿಡೋರಿದ್ದಾರೆ, ಆದರೆ ಹೊರಗಿನ ಚಳಿಯಲ್ಲಿ ಅದರ ಸುತ್ತ ಐಸ್ ಕಟ್ಟಿ ಅಲ್ಲೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಆ ನಡುಕವನ್ನು ಕೋಲಿನ ತುದಿಗೆ ತಂದಿದ್ದಾರೆ.

ಈಗ ಕೋಲು. ಉದ್ದ ಯಾಕೆ ಬೇಡ ಅಂದರೆ, ಇಲ್ಲಿ ದೂರಕ್ಕೆ ಎಸೆಯೋದೇ ಇಲ್ಲ. ಗಾಳ ನೇರ ಕೆಳಗೆ ಇಳಿಯುತ್ತದೆ, ನೀವು ತೂತಿನ ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತಿರುತ್ತೀರಿ. ಎಷ್ಟೋ ಸಲ ಸಣ್ಣ ಟೆಂಟಿನೊಳಗೆ. ಏಳು ಅಡಿ ಕೋಲು ಹಿಡಿದರೆ ತುದಿ ತೂತಿನಿಂದ ಆಚೆ ಇರುತ್ತದೆ. 24ರಿಂದ 36 ಇಂಚು ಸಾಕು. 28 ಇಂಚು ಅಂದರೆ ನಮ್ಮ ಲೆಕ್ಕದಲ್ಲಿ ಒಂದೂವರೆ ಮೊಳ. ಅದೇ ಸರಿಯಾದ ಮಧ್ಯದ ಅಳತೆ.

ಮೀನಿಗೆ ತಕ್ಕ ಹಾಗೆ ಗಡಸು ಬೇರೆ. ಅಂಗೈ ಅಗಲದ ಬ್ಲೂಗಿಲ್, ಕ್ರಾಪಿ, ಪರ್ಚ್ ಇವಕ್ಕೆ ಅಲ್ಟ್ರಾಲೈಟ್, ಅಂದರೆ ಅತಿ ಮೆತ್ತಗಿನ ಕೋಲು, ದಾರ 2ರಿಂದ 4 ಪೌಂಡ್ ಭಾರ ತಾಳೋದು. ವಾಲೈ ಮೀನಿಗೆ ಮೀಡಿಯಂ ಲೈಟ್ ಅಥವಾ ಮೀಡಿಯಂ, ದಾರ 6ರಿಂದ 8 ಪೌಂಡ್. ಪೈಕ್ ಅನ್ನೋ ಹಲ್ಲಿನ ಮೀನಿಗೆ ಹೆವಿ, ಅದರ ಗೋಜಿಗೆ ಈ ವರ್ಷ ಹೋಗಬೇಡಿ. ಮಿಲ್ ಲ್ಯಾಕ್ಸ್‌ನಲ್ಲಿ ಎಲ್ಲರೂ ಹುಡುಕೋದು ವಾಲೈ, ಜೊತೆಗೆ ಪರ್ಚ್. ಹಾಗಾಗಿ 28 ಇಂಚಿನ ಮೀಡಿಯಂ ಲೈಟ್ ಒಂದು ತಗೊಳ್ಳಿ. ಅಂಗಡಿಯಲ್ಲಿ ಕೋಲು ಹಿಡಿದು ತುದಿಯನ್ನು ಬೆರಳಿನಿಂದ ಮೆತ್ತಗೆ ಒತ್ತಿ ನೋಡಿ. ಮೇಲಿನ ಆರೇಳು ಇಂಚು ಸುಲಭಕ್ಕೆ ಬಾಗಬೇಕು, ನಡುವಿನಿಂದ ಕೆಳಗೆ ಬಲ ಇರಬೇಕು, ಯಾಕೆಂದರೆ ವಾಲೈ ಬಾಯಿ ಗಟ್ಟಿ, ಗಾಳ ಚುಚ್ಚಬೇಕು ಅಂದರೆ ಬೆನ್ನು ಬೇಕು. ಅಣ್ಣನ ಅಪ್ಪ ವಾಟೆ ಹಿಂಡಲಲ್ಲಿ ಮಾಡಿದ್ದು ಇದೇ ಅಲ್ವಾ.

ಇನ್ನೊಂದು, ಕೋಲಿನ ಉಂಗುರಗಳು ದೊಡ್ಡವು ಇರಲಿ. ಸಣ್ಣ ಉಂಗುರದಲ್ಲಿ ನೀರಿನ ಹನಿ ನಿಂತು ಐಸ್ ಕಟ್ಟಿದರೆ ದಾರ ಓಡೋದೇ ಇಲ್ಲ. ಕಟ್ಟಿದರೆ ಕೈಯಿಂದ ಮುರಿಯಲು ಹೋಗಬೇಡಿ, ಉಂಗುರವೇ ಕಿತ್ತು ಬರುತ್ತದೆ. ಕೋಲಿನ ತುದಿಯನ್ನು ತೂತಿನ ನೀರಿನಲ್ಲಿ ಅದ್ದಿ ಹಿಡಿಯಿರಿ. ನೀರು ಐಸ್‌ಗಿಂತ ಬೆಚ್ಚಗೆ, ಕರಗುತ್ತದೆ.

ಗ್ರಾಫೈಟ್ ಕೋಲಾ ಫೈಬರ್ ಗ್ಲಾಸಾ ಅಂತ ಅಂಗಡಿಯಲ್ಲಿ ಕೇಳುತ್ತಾರೆ. ಗ್ರಾಫೈಟ್ ಆದರೆ ಕೆಳಗೆ ಆಗಿದ್ದು ಕೈಗೆ ಚೆನ್ನಾಗಿ ತಿಳಿಯುತ್ತದೆ. ಫೈಬರ್ ಗ್ಲಾಸ್ ಮೆತ್ತಗೆ, ನಿಧಾನ, ಆದರೆ ಚಳಿಯಲ್ಲಿ ಪೆಟ್ಟು ತಾಳುತ್ತದೆ. ಕೈಯಲ್ಲಿ ಹಿಡಿದು ಆಡಿಸೋದಕ್ಕೆ ಗ್ರಾಫೈಟ್, ಸುಮ್ನೆ ಇಟ್ಟು ಕಾಯೋದಕ್ಕೆ ಗ್ಲಾಸ್. ನನ್ನ ಅಭಿಪ್ರಾಯದಲ್ಲಿ ನೂರು ಡಾಲರ್‌ದು ಒಂದು ಕೊಳ್ಳೋದಕ್ಕಿಂತ ಮೂವತ್ತು ಮೂವತ್ತೈದರದ್ದು ಎರಡು ಕೊಳ್ಳೋದು ವಾಸಿ. ಮಿನ್ನೆಸೋಟಾದಲ್ಲಿ ಐಸ್ ಮೇಲೆ ಒಬ್ಬರು ಎರಡು ದಾರ ಬಿಡಬಹುದು.

ಸಾಗರ_ಹಿನ್ನೀರು

ದಾರದ ವಿಷಯದಲ್ಲಿ ನನ್ನದೊಂದು ಮಾತು. ತಂಗೂಸು ಯಾಕೆ, ಬ್ರೇಡ್ ಹಾಕಿ. ನಾನು ಹೊಳೆಬಾಗಿಲಿನ ಹತ್ತಿರ ಕೊರಮೀನಿಗೆ ರಬ್ಬರ್ ಕಪ್ಪೆ ಎಸೆಯೋದು 30 ಪೌಂಡ್ ಬ್ರೇಡ್‌ನಲ್ಲೇ. ಹಿಗ್ಗೋದಿಲ್ಲ, ಮೀನು ಮೂಗು ತಾಗಿಸಿದರೂ ಕೈಗೆ ಗೊತ್ತಾಗುತ್ತದೆ. ಅಷ್ಟು ಮೆತ್ತಗೆ ಕಚ್ಚೋ ಮೀನಿಗೆ ಬ್ರೇಡ್ ಇನ್ನೂ ಒಳ್ಳೆಯದಲ್ವಾ?

ವಿನಿಪೆಗ್_ಮಲೆನಾಡಿಗ

ಕೈಗೆ ತಿಳಿಯೋದು ನಿಜ. ಆದರೆ ಬ್ರೇಡ್ ಅಂದರೆ ಹೆಣೆದ ದಾರ, ನೂಲುಗಳ ಮಧ್ಯೆ ನೀರು ಹಿಡಿದುಕೊಳ್ಳುತ್ತದೆ. ಹೊರಗೆ ಮೈನಸ್ 20ರಲ್ಲಿ ಆ ನೀರು ಹೆಪ್ಪುಗಟ್ಟಿ ದಾರ ಕಡ್ಡಿ ಆಗುತ್ತದೆ, ಉಂಗುರದೊಳಗೆ ಐಸ್ ತುಂಬುತ್ತದೆ. ಹೀಟರ್ ಇರೋ ಟೆಂಟಿನೊಳಗೆ ಕೂತರೆ ಬ್ರೇಡ್ ನಡೆಯುತ್ತದೆ, ಆಗಲೂ ಕೊನೆಯ ಎರಡು ಮೂರು ಅಡಿ ಫ್ಲೂರೋಕಾರ್ಬನ್ ಕಟ್ಟಬೇಕು. ಬಯಲಲ್ಲಿ ಕೂರೋದಾದರೆ ಪೂರ್ತಿ ಫ್ಲೂರೋಕಾರ್ಬನ್. ಅದು ನೀರು ಕುಡಿಯೋದಿಲ್ಲ, ಮುಳುಗುತ್ತದೆ, ತಿಳಿನೀರಿನಲ್ಲಿ ಮೀನಿನ ಕಣ್ಣಿಗೆ ಅಷ್ಟಾಗಿ ಕಾಣೋದಿಲ್ಲ. ಹೊಸನಗರದವರ ಸುರುಳಿ ದಾರದ ವಿಷಯಕ್ಕೆ ಉತ್ತರ ಇಲ್ಲೇ ಇದೆ. ರೀಲಿನಲ್ಲಿ ವರ್ಷಗಟ್ಟಲೆ ಕೂತ ದಪ್ಪ ನೈಲಾನ್ ದಾರ ಚಳಿಯಲ್ಲಿ ಸುತ್ತಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಮೀನು ಹುಳ ಎಳೆದರೆ ಮೊದಲು ಆ ಸುರುಳಿ ಬಿಚ್ಚಿಕೊಳ್ಳುತ್ತದೆ, ಕೋಲಿಗೆ ಸುದ್ದಿ ಮುಟ್ಟೋ ಹೊತ್ತಿಗೆ ಮೀನು ಹೋಗಿರುತ್ತದೆ. ಪ್ರತಿ ವರ್ಷ ಹೊಸ ದಾರ ಹಾಕಿ, ತೆಳ್ಳಗಿನದು. ಹಾಕಿದ ಮೇಲೆ ಕೆರೆ ಬಳಿ ಹತ್ತಿಪ್ಪತ್ತು ಮಾರು ಎಳೆದು ಹಿಗ್ಗಿಸಿ ಸುತ್ತಿಕೊಳ್ಳಿ.

ಸಾಗರ_ಹಿನ್ನೀರು

ಸರಿ, ಅದು ನನಗೆ ಗೊತ್ತಿರಲಿಲ್ಲ. ಒಪ್ಪಿದೆ.

ಟಂಪೆರೆ_ಕೊಪ್ಪ

ನಾನು ಕೊಪ್ಪದವಳು, ಮದುವೆಯಾಗಿ ಬಂದ ಮೇಲೆ ಫಿನ್ಲೆಂಡಿನ ಟಂಪೆರೆಯಲ್ಲಿ ಇದ್ದೇನೆ. ಇಲ್ಲಿ ಇದಕ್ಕೆ ಪಿಲ್ಕಿ ಅನ್ನುತ್ತಾರೆ. ಅಜ್ಜ ಅಜ್ಜಿಯರಿಂದ ಹಿಡಿದು ಶಾಲೆ ಮಕ್ಕಳ ತನಕ ಎಲ್ಲರೂ ಹೋಗುತ್ತಾರೆ. ಪಿಲ್ಕಿಗೆ ಲೈಸೆನ್ಸ್ ಹಣ ಕೂಡ ಕಟ್ಟಬೇಕಿಲ್ಲ, ಎಲ್ಲರಿಗೂ ಇರುವ ಹಕ್ಕು ಅದು. ನಮ್ಮ ಪಿಲ್ಕಿ ಕೋಲು ನೋಡಿದರೆ ನೀವು ನಂಬೋದಿಲ್ಲ, ಒಂದೂವರೆ ಗೇಣು ಇದ್ದರೆ ಹೆಚ್ಚು. ಹಿಡಿಯೊಳಗೇ ದಾರ ಸುತ್ತಿಕೊಳ್ಳೋ ಪುಟ್ಟ ಚಕ್ರ, ಮುಂದೆ ತೆಳ್ಳಗಿನ ಕಡ್ಡಿ, ತುದಿಯಲ್ಲಿ ಒಂದು ನಾಲಿಗೆಯಂಥ ಪಟ್ಟಿ. ಮೀನು ಮುಟ್ಟಿದರೆ ಆ ನಾಲಿಗೆ ಬಾಗುತ್ತದೆ. ಕೆಲವು ಸಲ ಬಾಗಿದ್ದ ನಾಲಿಗೆ ನೆಟ್ಟಗಾಗುತ್ತದೆ! ಮೀನು ಹುಳ ಬಾಯಲ್ಲಿ ಹಿಡಿದು ಮೇಲಕ್ಕೆ ಬಂದಿದೆ ಅಂತ ಅದರ ಅರ್ಥ. ಆಗಲೂ ಎತ್ತಬೇಕು. ಹೊಸಬರು ಬಾಗೋದಕ್ಕೆ ಮಾತ್ರ ಕಾಯುತ್ತಾರೆ, ಅರ್ಧ ಮೀನು ಅಲ್ಲೇ ಹೋಗುತ್ತದೆ.

ಲೂರ್ ವಿಷಯ ನಾನು ಹೇಳುತ್ತೇನೆ, ಅದೇ ನನಗೆ ಇಷ್ಟ. ಸಾವಿರ ಥರ ಕಾಣುತ್ತದೆ, ಆದರೆ ಮೂರೇ ಜಾತಿ ಅಂದುಕೊಳ್ಳಿ. ಒಂದು, ಸಣ್ಣ ಲೋಹದ ಗುಂಡಿಗೆ ಗಾಳ ಕೂರಿಸಿದ ಜಿಗ್. ಅದಕ್ಕೆ ಹುಳ ಸಿಕ್ಕಿಸಬೇಕು. ಎರಡು, ಸ್ಪೂನ್, ಅಂದರೆ ಬಾಗಿಸಿದ ಲೋಹದ ತಗಡು. ಮೇಲೆತ್ತಿ ಬಿಟ್ಟರೆ ಒಣಗಿದ ಎಲೆ ಉದುರಿದ ಹಾಗೆ ಓಲಾಡುತ್ತ ಬೀಳುತ್ತದೆ, ಮಿಂಚುತ್ತದೆ. ಮೂರು, ಸಮತೋಲದ ಮೀನು. ಪುಟ್ಟ ಮೀನಿನ ಆಕಾರ, ನಡುಬೆನ್ನಿಗೆ ದಾರ ಕಟ್ಟೋದು, ಬಾಲಕ್ಕೆ ರೆಕ್ಕೆ. ಕೋಲು ಎತ್ತಿದರೆ ಪಕ್ಕಕ್ಕೆ ಹಾರಿ ಸುತ್ತು ಹೊಡೆದು ನಡುವಿಗೆ ಬಂದು ನಿಲ್ಲುತ್ತದೆ. 1936ರಲ್ಲಿ ಇಲ್ಲಿನ ಲೌರಿ ರಪಾಲಾ ಅನ್ನೋ ಬಡ ಮೀನುಗಾರರು ಮರ ಕೆತ್ತಿ ಲೂರ್ ಮಾಡಲು ಶುರು ಮಾಡಿದ್ದು, ಅವರ ಹೆಸರಿನ ಕಂಪನಿಯ ಜಿಗ್ಗಿಂಗ್ ರಾಪ್ ಅನ್ನೋ ಇಂಥ ಸಮತೋಲದ ಮೀನು ಅಮೆರಿಕದಲ್ಲೂ ಎಲ್ಲ ಅಂಗಡಿಯಲ್ಲಿ ಇರುತ್ತದೆ. ಒಂದು ಕೊಳ್ಳೋದಾದರೆ ಅದನ್ನೇ ಕೊಳ್ಳಿ ಅಂತ ನಾನು ಹೇಳುತ್ತೇನೆ. ದೂರದ ಮೀನನ್ನು ಕರೆಯುವ ಶಕ್ತಿ ಅದಕ್ಕೇ ಜಾಸ್ತಿ.

ವಿನಿಪೆಗ್_ಮಲೆನಾಡಿಗ

ಅಕ್ಕ ಹೇಳಿದ್ದು ಸರಿ, ಆದರೆ ಮೊದಲನೇ ಲೂರ್ ಅದು ಆಗಬಾರದು ಅಂತ ನನ್ನ ವಾದ. ಜಿಗ್ಗಿಂಗ್ ರಾಪ್‌ಗೆ ಮೇಲೆ ಬೀಳೋದು ಚುರುಕು ಮೀನು. ಜನವರಿ ನಡುವಿನ ಹೊತ್ತಿಗೆ ಮೀನು ಮಂಕಾಗಿರುತ್ತದೆ, ಅಷ್ಟು ಹಾರಾಟ ಕಂಡರೆ ಹಿಂದೆ ಸರಿಯುತ್ತದೆ. ಹೊಸಬರು ಅದನ್ನು ಎಡೆಬಿಡದೆ ಕುಣಿಸುತ್ತಾರೆ ಬೇರೆ. ಸ್ಪೂನ್ ಆದರೆ ಎರಡೂ ಆಗುತ್ತದೆ, ಎತ್ತಿ ಬಿಟ್ಟರೆ ಮಿಂಚು, ಸುಮ್ನೆ ಹಿಡಿದರೆ ಅದರ ಗಾಳದಲ್ಲಿ ಸಿಕ್ಕಿಸಿದ ಮೀನಿನ ತಲೆಯ ವಾಸನೆ. ವಾಲೈಗೆ ಎಂಟನೇ ಒಂದು ಔನ್ಸ್, ಅಂದರೆ ಮೂರೂವರೆ ಗ್ರಾಂ ಸ್ಪೂನ್ ಸಾಕು. ಕತ್ತಲಲ್ಲಿ ಹೊಳೆಯೋ ಬಣ್ಣದ್ದು ಒಂದು, ಬಂಗಾರದ ಬಣ್ಣದ್ದು ಒಂದು. ವಾಲೈ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ, ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಅದು ಮೇಯೋದು ಮುಂಜಾನೆ ಮತ್ತು ಸಂಜೆ. ಮಧ್ಯಾಹ್ನ ಪರ್ಚ್ ಹಿಡಿಯಿರಿ, ಸೂರ್ಯ ಇಳಿಯೋ ಮೊದಲು ಸ್ಪೂನ್ ಕಟ್ಟಿ ಸಿದ್ಧವಾಗಿರಿ.

ಪರ್ಚ್‌ಗೆ ಟಂಗ್‌ಸ್ಟನ್ ಜಿಗ್, 4 ಅಥವಾ 5 ಮಿಲಿಮೀಟರ್. ಟಂಗ್‌ಸ್ಟನ್ ಯಾಕೆ ಅಂದರೆ ಸೀಸಕ್ಕಿಂತ ಒಂದೂವರೆ ಪಟ್ಟಿಗಿಂತ ಜಾಸ್ತಿ ಭಾರ. ಸೀಸದಲ್ಲಿ ಅದೇ ತೂಕ ಬೇಕು ಅಂದರೆ ಗುಂಡು ದಪ್ಪ ಆಗುತ್ತದೆ. ಇದು ಕಾಳುಮೆಣಸಿನಷ್ಟು ಇದ್ದುಕೊಂಡು ಬೇಗ ಇಳಿಯುತ್ತದೆ, ತೆಳು ದಾರವನ್ನು ನೆಟ್ಟಗೆ ಎಳೆದು ಹಿಡಿಯುತ್ತದೆ. ದಾರ ನೆಟ್ಟಗಿದ್ದರೆ ತುದಿಗೆ ಸುದ್ದಿ ಬರುತ್ತದೆ. ಎಲ್ಲ ಸುತ್ತಿ ಅಲ್ಲಿಗೇ ಬರೋದು.

ಟಂಪೆರೆ_ಕೊಪ್ಪ

ಮಂಕು ಮೀನಿಗೆ ಸ್ಪೂನ್ ಅನ್ನೋದನ್ನು ಒಪ್ಪುತ್ತೇನೆ. ನಮ್ಮ ಅಹ್ವೆನ್ ಮೀನು, ಅದೂ ಪರ್ಚ್ ಜಾತಿಯೇ, ಮಾರ್ಚ್ ಬಿಸಿಲಿಗೆ ಚುರುಕಾಗುತ್ತದೆ. ನಾನು ಜಾಸ್ತಿ ಹೋಗೋದು ಆಗಲೇ, ಅದಕ್ಕೇ ಹಾಗೆ ಹೇಳಿದೆ. ಆದರೆ ಸ್ಪೂನ್ ಆಗಲಿ ಜಿಗ್ ಆಗಲಿ, ಆಡಿಸೋದಕ್ಕಿಂತ ನಿಲ್ಲಿಸೋದು ಮುಖ್ಯ. ಎರಡು ಸಲ ಎತ್ತಿ, ಹತ್ತು ಎಣಿಸೋ ತನಕ ನಿಲ್ಲಿಸಿ. ಮೀನು ಹಿಡಿಯೋದು ನಿಂತಾಗ.

ತೀರ್ಥಹಳ್ಳಿ_ಗಾಳ

ಸೀಸದ ಮಾತು ಬಂತು. ನಾವು ಸೀಸದ ಗುಂಡನ್ನು ದಾರಕ್ಕೆ ಹಲ್ಲಲ್ಲಿ ಕಚ್ಚಿ ಕೂರಿಸುತ್ತೇವೆ, ನಾನು ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ. ಒಬ್ಬರು ಡಾಕ್ಟರು ನೋಡಿ ಬೈದ ಮೇಲೆ ಬಿಟ್ಟೆ. ಇಲ್ಲಿ ಓದೋ ಹುಡುಗರು ದಯವಿಟ್ಟು ಸಣ್ಣ ಇಕ್ಕಳ ಇಟ್ಟುಕೊಳ್ಳಿ.

ವಿನಿಪೆಗ್_ಮಲೆನಾಡಿಗ

ಒಳ್ಳೇ ಮಾತು ಹೇಳಿದಿರಿ ಅಣ್ಣ. ಕಡಿದು ಹೋದ ಸೀಸದ ಗುಂಡು ತಳದಲ್ಲಿ ಉಳಿಯುತ್ತದೆ. ಮಿನ್ನೆಸೋಟಾದ ರಾಜ್ಯ ಪಕ್ಷಿ ಲೂನ್ ಅಂತ, ನೀರಿನಲ್ಲಿ ಮುಳುಗಿ ಮೀನು ಹಿಡಿಯೋ ಹಕ್ಕಿ. ಅದು ಕಲ್ಲಿನ ಜೊತೆ ಸೀಸ ನುಂಗಿ ಸಾಯುತ್ತದೆ. ಒಂದು ಸಣ್ಣ ಜಿಗ್ ಸಾಕು ಅದನ್ನು ಕೊಲ್ಲಲು. ನಮ್ಮ ಮಂಡಗದ್ದೆಯಲ್ಲಿ ತುಂಗೆ ನಡುವಿನ ಮರಗಳಲ್ಲಿ ಗೂಡು ಕಟ್ಟೋ ನೀರುಕಾಗೆಗಳೂ ಹಾಗೇ ಮುಳುಗಿ ಮೀನು ಹಿಡಿಯೋದು. ಹಣ ಸ್ವಲ್ಪ ಜಾಸ್ತಿ ಆದರೂ ಟಂಗ್‌ಸ್ಟನ್ ಕೊಳ್ಳಿ ಅಂತ ನಾನು ಒತ್ತಾಯ ಮಾಡೋದು ಇದಕ್ಕೂ ಸೇರಿ.

ಕಮ್ಮರಡಿ_ಅಕ್ಕ

ಇಷ್ಟೆಲ್ಲ ಕೋಲು ದಾರ ಅಂತ ಮಾತಾಡುತ್ತಿದ್ದೀರಿ, ಐಸ್ ಒಡೆದರೆ ಏನು ಗತಿ ಅಂತ ಒಬ್ಬರೂ ಹೇಳಲಿಲ್ಲವಲ್ಲ ಮಾರಾಯ್ರೆ. ನನ್ನ ಮಗನೂ ಅದೇ ದೇಶದಲ್ಲಿದ್ದಾನೆ. ಅದನ್ನೂ ಬರೆಯಿರಿ.

ಟಂಪೆರೆ_ಕೊಪ್ಪ

ಅಕ್ಕ, ನೀವು ಕೇಳಿದ್ದು ಒಳ್ಳೆಯದಾಯಿತು, ನಾವೇ ಮೊದಲು ಬರೆಯಬೇಕಿತ್ತು. ಮಿನ್ನೆಸೋಟಾ ಸರ್ಕಾರದ ಲೆಕ್ಕದಲ್ಲಿ ಒಬ್ಬರು ನಡೆಯೋದಕ್ಕೆ ಕಡೇಪಕ್ಷ 4 ಇಂಚು ಗಟ್ಟಿ, ಪಾರದರ್ಶಕ ಐಸ್ ಇರಬೇಕು. ಬೆಳ್ಳಗಿರೋ ಐಸ್, ಅಂದರೆ ಹಿಮ ಬಿದ್ದು ನೆನೆದು ಕಟ್ಟಿದ್ದು, ಅರ್ಧ ಬಲ ಮಾತ್ರ, ಹಾಗಾಗಿ ಎರಡರಷ್ಟು ದಪ್ಪ ಬೇಕು. ಹೊಳೆ ಸೇರೋ ಜಾಗ, ಸೇತುವೆ ಕೆಳಗೆ, ಜೊಂಡು ಇರೋ ಕಡೆ ತೆಳ್ಳಗಿರುತ್ತದೆ. ಒಂದೇ ಕೆರೆಯಲ್ಲಿ ಹತ್ತು ಮಾರು ದೂರದಲ್ಲಿ ದಪ್ಪ ಬೇರೆ ಇರಬಹುದು, ಅದಕ್ಕೆ ಹೋಗ್ತಾ ಹೋಗ್ತಾ ಹಾರೆಯಂಥ ಸರಳಿನಿಂದ ಕುಟ್ಟಿ ನೋಡಬೇಕು, ತೂತು ಮಾಡಿ ಅಳೆಯಬೇಕು.

ಇಲ್ಲಿ ಎಲ್ಲರೂ ಕುತ್ತಿಗೆಗೆ ಎರಡು ಐಸ್ ಮೊಳೆ ನೇತುಹಾಕಿಕೊಂಡಿರುತ್ತಾರೆ, ಹಿಡಿಕೆ ಇರೋ ಮೊಳೆ. ಬಿದ್ದರೆ ಬಂದ ದಿಕ್ಕಿಗೇ ತಿರುಗಿ, ಮೊಳೆ ಚುಚ್ಚಿ, ಕಾಲು ಬಡಿಯುತ್ತ ಮೈ ಎಳೆದುಕೊಂಡು ಮೇಲೆ ಬರಬೇಕು. ಬಂದ ಮೇಲೆ ಎದ್ದು ನಿಲ್ಲಬಾರದು, ಉರುಳಿಕೊಂಡು ಆಚೆ ಹೋಗಬೇಕು. ಬರಿ ಕೈಗೆ ಒದ್ದೆ ಐಸ್ ಹಿಡಿತ ಸಿಗೋದೇ ಇಲ್ಲ. ಲೈಫ್ ಜಾಕೆಟ್ ಕೂಡ ಹಾಕಿಕೊಳ್ಳಿ. ಒಬ್ಬರೇ ಹೋಗಬೇಡಿ. ಟೆಂಟಿನೊಳಗೆ ಗ್ಯಾಸ್ ಹೀಟರ್ ಇಟ್ಟರೆ ಕಿಟಕಿ ತೆರೆದಿರಲಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಕೋಲು ಕೊಳ್ಳೋ ಮೊದಲು ಆ ಮೊಳೆ ಕೊಳ್ಳಿ.

ಕಮ್ಮರಡಿ_ಅಕ್ಕ

ಇದನ್ನು ಮಗನಿಗೆ ಕಳಿಸಿದೆ. ನಿಮಗೆ ಒಳ್ಳೆಯದಾಗಲಿ.

ಹೊಸನಗರ_ಹೊಳೆ

ವಾಪಸ್ ಬಂದು ಅಂಗಡಿಗೆ ಹೋಗಿದ್ದೆ. ಐಸ್ ಮೊಳೆ ಮೊದಲು ತಗೊಂಡೆ. 28 ಇಂಚಿನ ಮೀಡಿಯಂ ಲೈಟ್ ಗ್ರಾಫೈಟ್ ಒಂದು, 6 ಪೌಂಡ್ ಫ್ಲೂರೋಕಾರ್ಬನ್. ಇನ್ನೊಂದು ಮೆತ್ತಗಿನ ಗ್ಲಾಸ್ ಕೋಲು, ಅದಕ್ಕೆ 4 ಪೌಂಡ್. ಮೂರೂವರೆ ಗ್ರಾಂ ಸ್ಪೂನ್ ಎರಡು, ಟಂಗ್‌ಸ್ಟನ್ ಜಿಗ್ ನಾಲ್ಕು, ಒಂದು ಜಿಗ್ಗಿಂಗ್ ರಾಪ್ (ಅಕ್ಕನ ಮಾತಿಗೆ). ಒಟ್ಟು 18 ಕೋಲು ಒತ್ತಿ ನೋಡಿದೆ, ಅಂಗಡಿಯವರು ಏನು ಹುಡುಕುತ್ತಿದ್ದೀರಿ ಅಂತ ಕೇಳಿದರು. ಊರಲ್ಲಿ ವಾಟೆ ಕೋಲು ಆರಿಸೋ ರೀತಿ ಹೇಳಿದೆ, ಅವರು ಒಳಗಿನಿಂದ ಇನ್ನೂ ಎರಡು ತಂದು ಕೊಟ್ಟರು. ಅದರಲ್ಲೇ ಒಂದು ತಗೊಂಡೆ.

ಒಂದು ಪ್ರಶ್ನೆ. ಸ್ಪಿನ್ನಿಂಗ್ ರೀಲ್ ಹಾಕಿದ್ದೇನೆ. ಮನೆಯಲ್ಲಿ ಬಕೆಟ್ ನೀರಿಗೆ ಜಿಗ್ ಬಿಟ್ಟು ನೋಡಿದರೆ ಗಿರಗಿರ ತಿರುಗುತ್ತಲೇ ಇದೆ, ನಿಲ್ಲೋದಿಲ್ಲ. ಏನು ಮಾಡಲಿ?

ವಿನಿಪೆಗ್_ಮಲೆನಾಡಿಗ

ಸ್ಪಿನ್ನಿಂಗ್ ರೀಲ್ ದಾರವನ್ನು ತಿರುಚಿ ಸುತ್ತುತ್ತದೆ, ಆ ತಿರುಚು ಬಿಚ್ಚಿಕೊಳ್ಳುವಾಗ ಜಿಗ್ ತಿರುಗುತ್ತದೆ. ತಿರುಗೋ ಹುಳವನ್ನು ಮಂಕು ಮೀನು ಮುಟ್ಟೋದಿಲ್ಲ. ಇನ್‌ಲೈನ್ ರೀಲ್ ಅಂತ ಬರುತ್ತದೆ, ಗಾಳಿಪಟದ ದಾರದ ಉರುಟಿನ ಹಾಗೆ ನೇರ ಸುತ್ತೋದು, ಅದರಲ್ಲಿ ಈ ತೊಂದರೆ ಇಲ್ಲ. ಈಗ ಅದು ಬೇಡ, ಜಿಗ್‌ನಿಂದ ಎರಡು ಅಡಿ ಮೇಲೆ ಅತಿ ಸಣ್ಣ ಸ್ವಿವೆಲ್, ಅಂದರೆ ತಿರುಗೋ ಕೊಂಡಿ ಒಂದು ಕಟ್ಟಿ. ಬಿಟ್ಟ ಮೇಲೆ ಜಿಗ್ ನಿಲ್ಲೋ ತನಕ ತಾಳ್ಮೆಯಿಂದ ಕಾಯಿರಿ.

ಹೊಸನಗರ_ಹೊಳೆ

ಹೋಗಿ ಬಂದೆ. ಎಲ್ಲರೂ ಇಷ್ಟು ಬರೆದಿದ್ದೀರಿ, ಪೂರ್ತಿ ಹೇಳಲೇಬೇಕು.

ಬೆಳಿಗ್ಗೆ ಮೈನಸ್ 19 ಇತ್ತು. ತೂತು ಕೊರೆದು ಅಳೆದಾಗ 15 ಇಂಚು ಐಸ್. ತೂತಿನ ಐಸ್ ಪುಡಿಯನ್ನು ಬೋಂಡ ತೆಗೆಯೋ ಜಾಲರಿ ಸೌಟಿನಂಥದ್ದರಲ್ಲಿ ತೆಗೆಯುತ್ತಾರೆ, ಅಮ್ಮನಿಗೆ ವಿಡಿಯೋದಲ್ಲಿ ತೋರಿಸಿದೆ. 22 ಅಡಿ ಆಳ. 30 ಅಡಿ ದಾಟಿದ ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿಬಿಡುತ್ತದೆ, ವಾಪಸ್ ಬಿಟ್ಟರೂ ಬದುಕೋದು ಕಷ್ಟ ಅಂತ ಗೆಳೆಯರು ಹೇಳಿದರು, ಅದಕ್ಕೇ ಅಲ್ಲಿ ಕೂತಿದ್ದು.

ಗ್ಲಾಸ್ ಕೋಲಿಗೆ ಟಂಗ್‌ಸ್ಟನ್ ಜಿಗ್, ಎರಡು ಹುಳ. ಸ್ಟ್ಯಾಂಡ್ ಮೇಲೆ ಇಟ್ಟು ತುದಿಯನ್ನೇ ನೋಡುತ್ತ ಕೂತೆ. ಹತ್ತು ನಿಮಿಷಕ್ಕೆ ತುದಿ ಅಲುಗಿತು. ಅಲುಗಿತು ಅನ್ನೋದೂ ಹೆಚ್ಚು, ಉಸಿರು ಬಿಟ್ಟಷ್ಟು. ಹೋದ ವರ್ಷದ ಕೋಲಿನಲ್ಲಿ ಇದು ಖಂಡಿತ ಕಾಣುತ್ತಿರಲಿಲ್ಲ. ಎತ್ತಿದೆ, ಪರ್ಚ್. ಮೂರನೇ ಮೀನು ಅಕ್ಕ ಹೇಳಿದ ಹಾಗೇ ಬಂತು, ಜಿಗ್ ಭಾರಕ್ಕೆ ಬಾಗಿದ್ದ ತುದಿ ಮೆಲ್ಲಗೆ ನೆಟ್ಟಗಾಯಿತು. ಕೆಲಕ್ಷಣ ಸುಮ್ನೆ ನೋಡಿದೆ, ಆಮೇಲೆ ನೆನಪಾಗಿ ಎತ್ತಿದೆ, ಇತ್ತು! ಮಧ್ಯಾಹ್ನದೊಳಗೆ ಏಳು ಪರ್ಚ್.

ಸಂಜೆ ನಾಲ್ಕೂವರೆಗೆ ಸ್ಪೂನ್. ಎರಡು ಸಲ ಎತ್ತಿ ನಿಲ್ಲಿಸೋದು, ಮನಸ್ಸಿನಲ್ಲೇ ಹತ್ತು ಎಣಿಸೋದು. ಮೊದಲ ವಾಲೈ ತಪ್ಪಿಹೋಯಿತು, ಉಂಗುರದಲ್ಲಿ ಐಸ್ ಕಟ್ಟಿ ದಾರ ಸಿಕ್ಕಿಕೊಂಡಿತು, ನೋಡಿಕೊಳ್ಳಬೇಕಿತ್ತು. ಎರಡನೆಯದು ಕತ್ತಲಾಗೋ ಮುಂಚೆ ಹಿಡಿಯಿತು. ನಿಂತಾಗಲೇ. ಮೇಲೆ ಬಂದಾಗ ಟಾರ್ಚ್ ಬೆಳಕಿಗೆ ಅದರ ಕಣ್ಣು ಬೆಕ್ಕಿನದ್ದರ ಹಾಗೇ ಹೊಳೆಯಿತು. ಅಲ್ಲಿನ ನಿಯಮದ ಅಳತೆಗೆ ಬರಲಿಲ್ಲ, ಫೋಟೋ ಕೂಡ ತೆಗೆಯದೆ ಬೇಗ ಬಿಟ್ಟೆ. ಆ ಚಳಿಯಲ್ಲಿ ಜಾಸ್ತಿ ಹೊತ್ತು ಹೊರಗೆ ಹಿಡಿದರೆ ಮೀನಿನ ಕಿವಿರು ಹೆಪ್ಪುಗಟ್ಟುತ್ತದೆ.

ಪರ್ಚ್‌ಗಳನ್ನು ಮನೆಗೆ ತಂದು ಹುರಿದು ತಿಂದೆವು. ತೀರ್ಥಹಳ್ಳಿ ಅಣ್ಣ, ನೀವು ಹುಳದ ವಿಷಯ ಕೇಳದಿದ್ದರೆ ನಾನು ಈ ಸಲವೂ ಗಟ್ಟಿ ಕೋಲನ್ನೇ ಕೊಳ್ಳುತ್ತಿದ್ದೆ.

ತೀರ್ಥಹಳ್ಳಿ_ಗಾಳ

ಓದಿ ತುಂಬ ಖುಷಿ ಆಯಿತು ತಮ್ಮಾ. ಅಪ್ಪ ಇದ್ದಿದ್ದರೆ ಓದಿ ಹೇಳುತ್ತಿದ್ದೆ.

ಸಾಗರ_ಹಿನ್ನೀರು

ಹೊಸನಗರದವರು ಮಾರಿಜಾತ್ರೆಗೆ ಬಂದವರ ಕೈಲಿ ಒಂದು ಐಸ್ ಕೋಲು, ಆರು ಟಂಗ್‌ಸ್ಟನ್ ಜಿಗ್ ಕಳಿಸಿದ್ದರು. ಭಾನುವಾರ ತೆಪ್ಪದಲ್ಲಿ ತಗೊಂಡು ಹೋದೆ. ನಮ್ಮ ಹಿನ್ನೀರಿನಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಈಗಲೂ ನಿಂತಿವೆ, ನಿಮಗೆಲ್ಲ ಗೊತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಆ ಬೊಡ್ಡೆಗಳ ಮಧ್ಯೆ ಉದ್ದ ಕೋಲು ಆಡಿಸೋದಕ್ಕೇ ಆಗೋದಿಲ್ಲ. ಈ ಒಂದೂವರೆ ಮೊಳದ ಕೋಲು ಅಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಬೊಡ್ಡೆ ಪಕ್ಕ ತೆಪ್ಪ ಕಟ್ಟಿ, ಎರೆಹುಳ ಸಿಕ್ಕಿಸಿ ನೇರ ಕೆಳಗೆ ಬಿಟ್ಟೆ. ಐದು ಗಿರ್ಲು. ಎಲ್ಲವೂ ತುದಿ ನೋಡಿ ಎತ್ತಿದ್ದು, ಕೈಗೆ ಒಂದೂ ಗೊತ್ತಾಗಲಿಲ್ಲ. ಆದರೆ ಬೇರಿಗೆ ಸಿಕ್ಕಿ ಎರಡು ಜಿಗ್ ಹೋಯಿತು.

ಮುಂದಿನ ಸಲ ಯಾರಾದರೂ ಬರುವಾಗ 5 ಮಿಲಿಮೀಟರ್‌ದು ಇನ್ನೊಂದು ನಾಲ್ಕು ಕಳಿಸಿ, ಹಣ ಕೊಡುತ್ತೇನೆ. ಬಣ್ಣ ಯಾವುದಾದರೂ ಆಗುತ್ತದೆ, ನಮ್ಮ ನೀರು ಕೆಂಪು.